ಸಂಘವಿಲ್ಲದವರ ಪಾಲೇನು?

2023ರ ಮಾರ್ಚ್ 1ರಂದು ಕರ್ನಾಟಕದ ಸರಕಾರಿ ನೌಕರರು ಮುಷ್ಕರ ಹೂಡಿದರು. ಶಿಕ್ಷಕರೂ ಅದರಲ್ಲಿದ್ದರು. ಅದೇ ದಿನ ಸರಕಾರ ಶೇ. 17ರ ಮಧ್ಯಂತರ ವೇತನ ಹೆಚ್ಚಳಕ್ಕೆ ಮಣಿಯಿತು. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೂ ಹಳೆಯ ಪಿಂಚಣಿ ಬೇಕೆಂಬ ಬೇಡಿಕೆ ಮಾತ್ರ ಸಮಿತಿಯ ಪಾಲಾಯಿತು.

ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ) ಕಲಿಸಿದರು. ಆದ್ದರಿಂದ ಶಿಕ್ಷಕರ ಬೇಡಿಕೆಯನ್ನು ನಾವು ಅನ್ಯಾಯವೆನ್ನಲಾರೆವು. ಆದರೆ ಅದೇ ಶಾಲೆಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರಿಗೆ ಹಳೆಯ ಪಿಂಚಣಿಯೂ ಇಲ್ಲ, ಹೊಸದೂ ಇಲ್ಲ. ಪಿಂಚಣಿಯನ್ನು ಹೊರೆಯೆನ್ನುವ ಸರಕಾರಕ್ಕೆ ಖಾಯಂ ಹುದ್ದೆ ಖಾಲಿ ಬಿಡುವುದೇ ಉಳಿತಾಯ! ಅದರ ಬೆಲೆ ತೆರುವುದು ಉರ್ದು ಶಾಲೆಯ ಬಡ ಮಗು. ಆ ಮಗುವಿಗೆ ಸಂಘವಿಲ್ಲ.

ಶಿಕ್ಷಕ ಸಂಘಟನೆಗಳು ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿ ಖಾಲಿ ಹುದ್ದೆಗಳ ಭರ್ತಿಯನ್ನು ಬರೆಯಲಿ. ಆಗ ಹೆತ್ತವರೂ ಅವರೊಂದಿಗೆ ಬೀದಿಗಿಳಿಯುವರು.