ಇನ್ನೆರಡು ಎಲೆ ಸೇರಿಸು

ಆಷಾಢದ ಮಳೆ ಸಾಗರದ ಪೇಟೆಯ ಮೇಲೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಕೆಸುವಿನೆಲೆ ಮಾರುವ ಹೆಂಗಸು ನಮ್ಮ ಗೇಟಿನ ಬಳಿ ನಿಂತಿದ್ದಳು. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಬುಟ್ಟಿಯಲ್ಲಿ ಎಲೆಯ ಕಟ್ಟುಗಳು, ಒಂದಷ್ಟು ಕಳಲೆ, ಬಾಳೆಲೆಯಲ್ಲಿ ಸುತ್ತಿದ ಒಂದೆಲಗ. ಕಟ್ಟಿಗೆ ಇಪ್ಪತ್ತು ರೂಪಾಯಿ ಎಂದಳು.

"ಹದಿನೈದು ಮಾಡ್ಕೊ. ಇನ್ನೆರಡು ಎಲೆ ಸೇರಿಸು" ಎಂದೆ.

"ಅಮ್ಮಾ, ಇಂಬಳದ ಕೈಲಿ ಕಚ್ಚಿಸ್ಕೊಂಡು ಕೊಯ್ದು ತಂದಿದ್ದು" ಎಂದಳು. ಆದರೂ ಕೊನೆಗೆ ನನ್ನ ಮಾತೇ ನಡೆಯಿತು. ಬೆಲೆಯೂ ಇಳಿಯಿತು, ಎಲೆಯೂ ಏರಿತು.

ಅದೇ ಸಂಜೆ ದೊಡ್ಡ ಅಂಗಡಿಯೊಂದರಲ್ಲಿ ಹೂಕೋಸು, ಕ್ಯಾರೆಟ್ಟು ಕೊಂಡೆ. ಯಾವ ಊರಿನವೋ, ಎಷ್ಟು ದಿನದವೋ. ಚೀಟಿಯಲ್ಲಿ ಅಚ್ಚಾಗಿದ್ದಷ್ಟು ದುಡ್ಡು ಎಣಿಸಿ ಕೊಟ್ಟು ಬಂದೆ. ಅಲ್ಲಿ ನನಗೆ ಬಾಯಿಯೇ ಬರಲಿಲ್ಲ. ರಾತ್ರಿ ಮಲಗಿದಾಗ ಮಾತ್ರ ಆ ಎರಡು ಎಲೆ ಗಂಟಲಲ್ಲಿ ತುರಿಸಿದಂತಾಯಿತು.

ನಮ್ಮ ತಾಲ್ಲೂಕಿನವರಿಗೆ ಅಳತೆಯ ಮಾತು ಹೊಸದಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿ ನಿಂತದ್ದು ಗೇಣಿ ಅಳೆಯುವ ಕೊಳಗ ನ್ಯಾಯಕ್ಕಿಂತ ದೊಡ್ಡದೆಂದು. ಲೋಹಿಯಾರಂಥವರು ಇಲ್ಲಿಗೆ ಬಂದು ಅವರ ಜೊತೆ ನಿಂತರು. ಆ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ "ಇನ್ನೆರಡು ಎಲೆ ಸೇರಿಸು" ಎನ್ನುವ ನಮ್ಮ ನಾಲಿಗೆಯೂ ಒಂದು ದೊಡ್ಡ ಕೊಳಗವೇ ಅಲ್ಲವೇ? ಒಡೆಯರ ಕೊಳಗ ಕಣಜದಲ್ಲಿತ್ತು, ನಮ್ಮದು ಗೇಟಿನ ಬಳಿ ಇದೆ, ಅಷ್ಟೇ.

ಪೇಟೆಯ ಹೆಂಗಸರು ಸೇರಿದಲ್ಲೆಲ್ಲ ಒಂದು ಕೊರಗು ಕೇಳುತ್ತದೆ: "ಈಗ ಹಳ್ಳಿ ತರಕಾರಿ ಸಿಗೋದೇ ಇಲ್ಲ ಕಣ್ರೀ." ತೀರ್ಥಹಳ್ಳಿಯ ನನ್ನ ತಂಗಿಯದೂ, ಹೊಸನಗರದ ನನ್ನ ನಾದಿನಿಯದೂ ಇದೇ ರಾಗ. ಹೇಗೆ ಸಿಕ್ಕೀತು? ಬಾಯಿ ಕೆಟ್ಟ ದಿನ ಪತ್ರೊಡೆ ನೆನಪಾಗಿ ಒಂದು ಕಟ್ಟು ಕೊಳ್ಳುವವರನ್ನು ನಂಬಿ ಯಾರು ಹಿತ್ತಿಲು ಮಾಡುತ್ತಾರೆ? ಅಡಕೆಗೆ ಮ್ಯಾಮ್‌ಕೋಸ್ ಇದೆ, ಹಾಲಿಗೆ ಡೇರಿ ಇದೆ. ಗಂಡಸರ ಬೆಳೆಗೆ ಸಂಘ, ದರಪಟ್ಟಿ, ಪತ್ರಿಕೆಯಲ್ಲಿ ನಿತ್ಯ ಸುದ್ದಿ. ಹೆಂಗಸಿನ ಹಿತ್ತಿಲ ಕೆಸು, ಬಸಳೆ, ಮೊಗೆಕಾಯಿಗೆ ಯಾವ ಸಂಘವಿದೆ? ಹಾಗಾಗಿ ಗದ್ದೆಯೊಂದಿಗೆ ಹಿತ್ತಿಲಿಗೂ ಅಡಕೆ ಸಸಿ ಬಂದು ಕೂರುತ್ತದೆ. ತಪ್ಪು ಅಡಕೆಯ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ.

ಹಿತ್ತಿಲು ಹೋದರೆ ಬರೀ ಸೊಪ್ಪು ಹೋಗುವುದಿಲ್ಲ, ತಿಳಿವಳಿಕೆಯೂ ಹೋಗುತ್ತದೆ. ಕಳಲೆಯಲ್ಲಿ ವಿಷದ ಅಂಶವಿದೆ. ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನವೂ ನೀರು ಬದಲಿಸಿ, ಬೇಯಿಸಿಯೇ ತಿನ್ನಬೇಕು. ಕೆಸುವಿನ ತುರಿಕೆಗೆ ಹುಳಿ ಬೀಳಲೇಬೇಕು. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿ, ಹಪ್ಪಳ ಒಣಗಿಸಿ, ಅಪ್ಪೆಮಿಡಿ ಭರಣಿಗೆ ತುಂಬಿದರೆ ಮಳೆಗಾಲ ದಾಟಿತು. ಆಗುಂಬೆಯ ಸೀಮೆಯಲ್ಲಿ ಮಳೆ ಹಿಡಿದು ಕೂತರೆ ಪೇಟೆಯ ದಾರಿಯನ್ನೇ ಮರೆಯಬೇಕಾಗಿದ್ದ ನಮ್ಮ ಅತ್ತೆಯಂದಿರು ಇದನ್ನೆಲ್ಲ ಯಾವ ಪುಸ್ತಕ ನೋಡಿ ಕಲಿತರು? ಅವರೊಂದಿಗೇ ಇದೂ ಚಿತೆಗೆ ಹೋದರೆ, ಆಮೇಲೆ ಪೊಟ್ಟಣದಲ್ಲಿ "ಮಲೆನಾಡಿನ ರುಚಿ" ಎಂದು ಅಚ್ಚು ಹಾಕಿದ್ದನ್ನು ಚೌಕಾಸಿ ಇಲ್ಲದೆ ಕೊಳ್ಳುವುದೊಂದೇ ಉಳಿಯುತ್ತದೆ.

ದಾರಿ ಇಲ್ಲದಿಲ್ಲ. 1965ರಲ್ಲಿ ಟೋಕಿಯೋದ ಗೃಹಿಣಿಯರು ಒಟ್ಟಾಗಿ ಹಾಲು ಕೊಳ್ಳಲು ಗುಂಪು ಕಟ್ಟಿದರು. ಅದೇ ಮುಂದೆ ದೊಡ್ಡ ಸಹಕಾರ ಸಂಘವಾಯಿತು. 1970ರ ದಶಕದಲ್ಲಿ ಅಲ್ಲಿನ ಪೇಟೆಯ ಕುಟುಂಬಗಳು, ಔಷಧಿ ಹೊಡೆದ ತರಕಾರಿಗೆ ಹೆದರಿ, ರೈತರ ಜೊತೆ ನೇರ ಒಪ್ಪಂದ ಮಾಡಿಕೊಂಡವು. 1986ರ ಹೊತ್ತಿಗೆ ಅಮೆರಿಕದಲ್ಲೂ ಇಂಥದ್ದು ಶುರುವಾಯಿತು. ಅಲ್ಲಿ ಹಣ ಮುಂಗಡ, ಬೆಳೆದದ್ದರಲ್ಲಿ ವಾರವಾರ ಪಾಲು. ಬೆಳೆ ಕೈಕೊಟ್ಟರೆ ನಷ್ಟದಲ್ಲೂ ಪಾಲು. ದೂರ ಯಾಕೆ, ಪಕ್ಕದ ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ವನಸ್ತ್ರೀ ಹಿತ್ತಿಲಿನ ಹೆಂಗಸರನ್ನೇ ಸೇರಿಸಿ ಬೀಜ ಉಳಿಸುವ ಕೆಲಸಕ್ಕಿಳಿಯಿತು. ನಮ್ಮ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಚರಕದ ಹೆಂಗಸರು ಕೈಮಗ್ಗದ ಸಹಕಾರ ಸಂಘ ಕಟ್ಟಿದರು. ಬಟ್ಟೆಗೆ ಆಗುವುದು ಸೊಪ್ಪಿಗೆ ಯಾಕಾಗದು?

"ಇದನ್ನೆಲ್ಲ ಮಾಡಲು ಪುರುಸೊತ್ತು ಯಾರಿಗಿದೆ?" ಎನ್ನುತ್ತೀರಿ. ಒಪ್ಪಿದೆ. ಕೆಸುವಿನ ನಾರು ತೆಗೆಯುವುದು, ಬಾಳೆದಿಂಡು ಹೆಚ್ಚುವುದು ಸುಲಭವಲ್ಲ. ಕಚೇರಿಗೂ ಹೋಗಿ ಬರುವ ಹೆಂಗಸಿಗೆ ಹೂಕೋಸು ಯಾಕೆ ಇಷ್ಟವೆಂದು ನನಗೂ ಗೊತ್ತು. ಆದರೆ "ಅಮ್ಮನ ಕೈಯ ಪತ್ರೊಡೆ" ಎಂದು ಊಟದೆಲೆಯ ಮುಂದೆ ಕಣ್ಣು ತುಂಬಿಕೊಳ್ಳುವ ಗಂಡಸರಿಗೆ ಎರಡು ಕೈ ಇಲ್ಲವೇ? ಈಳಿಗೆಮಣೆ ಹೆಂಗಸರನ್ನು ಮಾತ್ರ ಕೂರಿಸಿಕೊಳ್ಳುತ್ತೇನೆಂದು ಹಟ ಹಿಡಿದಿಲ್ಲ. ನೆಲದ ಅಡಿಗೆ ಎಂಬುದು ಹೆಂಗಸರ ಬೆನ್ನಿನ ಮೇಲಿನ ಹೊಸ ಹೊರೆಯಾಗುವುದಾದರೆ ನನಗೂ ಅದು ಬೇಡ. ಈರುಳ್ಳಿ, ಆಲೂಗಡ್ಡೆ ಬಯಲುಸೀಮೆಯಿಂದ ಬರುತ್ತಲೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ವಾರಕ್ಕೆ ಎರಡು ದಿನ ನಮ್ಮ ಮಣ್ಣಿನದು ಬೇಯಲಿ ಎಂದಷ್ಟೇ ನನ್ನ ಮಾತು.

ಹದಿನೈದು ದಿನ ಬಿಟ್ಟು ಆ ಹೆಂಗಸು ಮತ್ತೆ ಬಂದಳು. ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಒಂದು ತಿಂಗಳ ದುಡ್ಡು ಮೊದಲೇ ಕೊಟ್ಟೆವು. ವಾರಕ್ಕೊಮ್ಮೆ ಏನಿದೆಯೋ ಅದನ್ನು ತಂದು ಹಾಕು ಎಂದೆವು. ಅವಳು ನೋಟು ಹಿಡಿದುಕೊಂಡು ಅನುಮಾನದಿಂದ ನಮ್ಮ ಮುಖ ನೋಡಿದಳು.

"ಮಳೆ ಜೋರಾದ್ರೆ ಏನೂ ಇರಲ್ಲ ಅಮ್ಮಾ. ಆಮೇಲೆ ಬೈಬೇಡಿ."

"ಇಲ್ಲದ ವಾರ ಇಲ್ಲ" ಎಂದೆ. ಹೇಳುವುದು ಸುಲಭ. ಎರಡನೆಯ ವಾರವೇ ಬರೀ ಚಗಟೆ ಸೊಪ್ಪು, ಒಂದೊಂದು ಮೊಗೆಕಾಯಿ ಬಂತು. ಒಬ್ಬರ ಮುಖ ಸಣ್ಣದಾಯಿತು, ನನ್ನ ಮಗ ಗೊಣಗಿದ. ಆದರೂ ಸೊಪ್ಪು ಬಾಣಲೆಗೆ ಬಿತ್ತು, ಮೊಗೆಕಾಯಿ ಹುಳಿಯಾಯಿತು, ಅನ್ನ ಖಾಲಿಯಾಯಿತು. ಮುಂದಿನ ವರ್ಷಕ್ಕೆ ಹಿತ್ತಿಲಲ್ಲಿ ಇನ್ನೊಂದು ಬಸಳೆ ಚಪ್ಪರ ಹಾಕುತ್ತೇನೆ ಎಂದು ಅವಳು ಹೇಳಿ ಹೋಗಿದ್ದಾಳೆ. ಆ ಜಾಗದಲ್ಲಿ ಅಡಕೆ ಸಸಿ ಏಳುತ್ತದೋ ಬಸಳೆ ಹಬ್ಬುತ್ತದೋ ಎಂಬುದು ಈಗ ನಮ್ಮ ನಾಲ್ಕು ಮನೆಯ ನಾಲಿಗೆಯ ಮೇಲೂ ನಿಂತಿದೆ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಿವೆ?