ಗೇಟಿನ ಎರಡೂ ಕಡೆ ಒಂದೇ ರಕ್ತ

ಎಸ್.ಎಸ್. ಬಡಾವಣೆಯ ಯಾವ ಅಡ್ಡರಸ್ತೆಗೆ ಹೋದರೂ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಹೊತ್ತ ಗೇಟುಗಳು ಸಿಗುತ್ತವೆ. ಒಳಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್. ಒಮ್ಮೊಮ್ಮೆ, ದಾವಣಗೆರೆಯ ಬಿಸಿಲಿಗೆ ಯಾರ ತಪ್ಪಿಗೋ ಬಂದು ಬಿದ್ದಿರುವ ಹಸ್ಕಿ. ಹೊರಗೆ, ಅದೇ ಕಾಂಪೌಂಡಿನ ನೆರಳಲ್ಲಿ, ಯಾರದೂ ಅಲ್ಲದ ಕಂದು ನಾಯಿ. ಒಳಗಿನದಕ್ಕೆ ಶಾಂಪೂ ಸ್ನಾನ, ಹೊರಗಿನದಕ್ಕೆ ನಿನ್ನೆಯ ಅನ್ನ ಇಲ್ಲವೇ ಕಲ್ಲೇಟು. ಎರಡರ ನಡುವೆ ಗೋಡೆ ಇದೆಯೆಂದು ನಾವು ನಂಬಿದ್ದೇವೆ. ಉಣುಗು ಹಾಗೆ ನಂಬಿಲ್ಲ.

ಉಣುಗು ಎಂದೊಡನೆ ನಮಗೆ ನೆನಪಾಗುವುದು ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಆ ಉಣುಗು ಕಾಡಿನದು. ನಾನು ಹೇಳುತ್ತಿರುವುದು ನಮ್ಮ ಮನೆಯದೇ ಆದ ಕಂದು ಉಣುಗಿನ ಬಗ್ಗೆ. ಅದಕ್ಕೆ ಕಾಡು ಬೇಡ, ಹುಲ್ಲೂ ಬೇಡ. ಗೋಡೆಯ ಬಿರುಕು, ಕಾರ್ ಶೆಡ್ಡಿನ ಮೂಲೆ, ನಾಯಿಗೂಡಿನ ಹಲಗೆಯ ಸಂದು ಸಾಕು. ರಕ್ತ ಕುಡಿದು ದುಂಡಗಾದ ಹೆಣ್ಣು ಕೆಳಗೆ ಉದುರಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಇಳಿದು ಬಂದು ಯಾವ ನಾಯಿ ಸಿಕ್ಕರೆ ಅದನ್ನು ಹತ್ತುತ್ತವೆ. ಒಂದು ಹಂತದಲ್ಲಿ ಬೀದಿನಾಯಿಯ ರಕ್ತ ಕುಡಿದದ್ದು, ಪೊರೆ ಬಿಟ್ಟು ಬೆಳೆದು, ಮುಂದಿನ ಹಂತದಲ್ಲಿ ನಿಮ್ಮ ಮನೆಯ ನಾಯಿಯನ್ನು ಕಚ್ಚಬಹುದು. ಕಂದು ನಾಯಿಯ ರಕ್ತ ಹೀಗೆ ಗೇಟು ದಾಟಿ ಒಳಗೆ ಬರುತ್ತದೆ.

ಆ ರಕ್ತದ ಜೊತೆ ಬರುವುದರಲ್ಲಿ ಮುಖ್ಯವಾದದ್ದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ. ನಾವು ‘ಟಿಕ್ ಫೀವರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಅದು ಮಾಡುವ ಕೆಲಸ ಜ್ವರವೊಂದಕ್ಕೆ ಮುಗಿಯುವಂಥದ್ದಲ್ಲ. ದೇಹಕ್ಕೆ ಹೊರಗಿನ ಜೀವಿ ಹೊಕ್ಕರೆ ಅದನ್ನು ನುಂಗಿ ಕೊಲ್ಲಲೆಂದೇ ರಕ್ತದಲ್ಲಿ ಕೆಲವು ಬಿಳಿಕಣಗಳಿವೆ. ಎರ್ಲಿಕಿಯಾ ನೇರವಾಗಿ ಅವುಗಳೊಳಗೇ ಹೋಗಿ ಮನೆ ಮಾಡುತ್ತದೆ. ನುಂಗಿದ್ದನ್ನು ಕರಗಿಸುವ ರಸ ತನ್ನ ಹತ್ತಿರ ಬಾರದಂತೆ ತಡೆದು, ಅಲ್ಲಿಯೇ ಗುಂಪು ಗುಂಪಾಗಿ ಬೆಳೆಯುತ್ತದೆ. ಅದಕ್ಕೂ ಮೊದಲೇ ಉಣುಗಿನ ಜೊಲ್ಲು ದಾರಿ ಸುಗಮ ಮಾಡಿಟ್ಟಿರುತ್ತದೆ: ಕಚ್ಚಿದ ಜಾಗದಲ್ಲಿ ನೋವು ತಿಳಿಯದು, ರಕ್ತ ಹೆಪ್ಪುಗಟ್ಟದು, ಕಾವಲಿಗೆ ಬರಬೇಕಾದ ಕಣಗಳಿಗೆ ಕರೆ ತಡವಾಗುತ್ತದೆ.

ಕಾವಲು ಎಚ್ಚರಗೊಂಡ ಮೇಲಾದರೂ ಸರಿಹೋಗುವುದೇ? ಇಲ್ಲ. ದೇಹ ಪ್ರತಿಕಾಯಗಳನ್ನು ರಾಶಿ ರಾಶಿಯಾಗಿ ಮಾಡುತ್ತದೆ. ಅವು ಕಣದೊಳಗೆ ಅಡಗಿರುವ ಎರ್ಲಿಕಿಯಾವನ್ನು ಮುಟ್ಟಲಾರವು. ಬದಲಿಗೆ ಕೆಲವು ನಾಯಿಯದೇ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ, ಹಾಗೆ ಗುರುತಾದ ಪ್ಲೇಟ್‌ಲೆಟ್‌ಗಳನ್ನು ಗುಲ್ಮ ಒಡೆದು ಹಾಕುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇನ್ನು ಕೆಲವು ಗಂಟುಕಟ್ಟಿಕೊಂಡು ಮೂತ್ರಪಿಂಡದ ಸೋಸುಜಾಲದಲ್ಲಿ, ಕಣ್ಣಿನ ಒಳಪದರದಲ್ಲಿ ಕೂರುತ್ತವೆ. ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಮಸುಕಾದ ಕಣ್ಣು, ಇವೆಲ್ಲ ಅದರ ಗುರುತು. ಡೆಂಗಿ ಬಂದಾಗ ಆಸ್ಪತ್ರೆಯ ವರಾಂಡದಲ್ಲಿ ‘ಪ್ಲೇಟ್‌ಲೆಟ್ ಎಷ್ಟೈತ್ರಿ?’ ಎಂದು ಕಂಗಾಲಾಗಿ ಕೇಳಿದ ಊರು ನಮ್ಮದು. ಅದೇ ಲೆಕ್ಕ ನಾಯಿಗೂ ಇದೆ ಎಂಬುದು ನಮಗೇಕೆ ಹೊಳೆಯುವುದಿಲ್ಲ? (ಪಪ್ಪಾಯಿ ಎಲೆಯ ರಸ ಕುಡಿಸುವವರಿಗೂ ಒಂದು ಮಾತು: ಅದು ಎರ್ಲಿಕಿಯಾವನ್ನು ಕೊಲ್ಲುವುದಿಲ್ಲ.)

ಇದರ ಅತಿ ಕೆಟ್ಟ ಗುಣ, ಸುಮ್ಮನಿರುವುದು. ಮೊದಲ ಜ್ವರ ಕೆಲವು ವಾರದಲ್ಲಿ ತಾನಾಗಿ ಇಳಿಯಬಹುದು. ನಾಯಿ ತಿನ್ನುತ್ತದೆ, ಬೊಗಳುತ್ತದೆ, ಬಾಲ ಆಡಿಸುತ್ತದೆ. ‘ಬಿಸ್ಲಿಗೆ ಹಂಗಾಗಿತ್ತು ಬಿಡ್ರಿ, ಮೊಸರನ್ನ ಹಾಕಿದ್ವಿ, ಆರಾಮಾತು’ ಎನ್ನುತ್ತೇವೆ. ಒಳಗೆ ಎರ್ಲಿಕಿಯಾ ಗುಲ್ಮದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಡಗಿರಬಲ್ಲದು. ಕೆಲವು ನಾಯಿಗಳು ಅದನ್ನು ಗೆದ್ದುಬಿಡುತ್ತವೆ. ಗೆಲ್ಲಲಾಗದವುಗಳಲ್ಲಿ ಒಂದು ದಿನ ಮೂಳೆಮಜ್ಜೆಯೇ ಕೈಚೆಲ್ಲುತ್ತದೆ. ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಬತ್ತುತ್ತವೆ. ಆಮೇಲೆ ಸಣ್ಣ ಗಾಯದ ಕೀವೂ ಪ್ರಾಣಕ್ಕೆ ಸಾಕು. ಜರ್ಮನ್ ಶೆಫರ್ಡ್ ತಳಿಗೆ ಈ ರೋಗ ಹೆಚ್ಚು ಕ್ರೂರಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆ ಕರೆದೊಯ್ದಿದ್ದ ನೂರಾರು ನಾಯಿಗಳು ಇದಕ್ಕೆ ಬಲಿಯಾದಾಗ ಜಗತ್ತಿಗೆ ಇದರ ಭೀಕರತೆ ತಿಳಿಯಿತು. ನಮ್ಮ ಬಡಾವಣೆಯಲ್ಲಿ ಕಾವಲಿಗೆಂದು ಜನ ಹುಡುಕಿಕೊಂಡು ಹೋಗಿ ತರುವುದು ಅದೇ ತಳಿಯನ್ನು.

ಜೊತೆಗೆ, ಉಣುಗೇ ತರುವ ಬಬೀಸಿಯಾ ಎಂಬ ಪರಾವಲಂಬಿ ಇದೆ. ಅದು ಕೆಂಪುಕಣದೊಳಗೆ ಸೇರಿ ಒಡೆಯುತ್ತದೆ. ಸೋಂಕಿಲ್ಲದ ಕೆಂಪುಕಣಗಳನ್ನೂ ದೇಹವೇ ಶತ್ರುವೆಂದು ತಿಳಿದು ಕೊಲ್ಲತೊಡಗುತ್ತದೆ. ವಸಡು ಬಿಳುಚುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇದರ ಒಂದು ಬಗೆಯನ್ನು ಮೊದಲು ಗುರುತಿಸಿದ್ದು ನಮ್ಮ ದಕ್ಷಿಣದಲ್ಲೇ, 1910ರಲ್ಲಿ. ಮದರಾಸಿನ ಸಾಹೇಬರ ಬೇಟೆನಾಯಿಗಳ ರಕ್ತದಲ್ಲಿ ಅದನ್ನು ಕಂಡ ಪ್ಯಾಟನ್ ಎಂಬ ವೈದ್ಯ, ಆಮೇಲೆ ನರಿಯ ರಕ್ತದಲ್ಲೂ ಅದನ್ನೇ ಕಂಡ. ಸಾಹೇಬರ ನಾಯಿಗೂ ಕುರುಚಲು ಕಾಡಿನ ನರಿಗೂ ಒಂದೇ ರೋಗ! ನೂರು ವರ್ಷದ ಹಿಂದೆಯೇ ಬಯಲಾದ ಈ ಸತ್ಯವನ್ನು ನಾವಿನ್ನೂ ಕಾಂಪೌಂಡು ಕಟ್ಟಿ ಮರೆಯಲು ನೋಡುತ್ತಿದ್ದೇವೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಉಣುಗು ಹುಟ್ಟುವಾಗ ಎರ್ಲಿಕಿಯಾವನ್ನು ಹೊತ್ತು ಹುಟ್ಟುವುದಿಲ್ಲ. ತಾಯಿ ಉಣುಗಿನಿಂದ ಮೊಟ್ಟೆಗೆ ಅದು ದಾಟುವುದಿಲ್ಲ. ಸೋಂಕಿರುವ ನಾಯಿಯ ರಕ್ತ ಕುಡಿದಾಗ ಮಾತ್ರ ಉಣುಗಿಗೆ ಅಂಟುತ್ತದೆ. ಎಂದರೆ, ಚಿಕಿತ್ಸೆಯಿಲ್ಲದೆ ಬಿಟ್ಟ ಪ್ರತಿಯೊಂದು ನಾಯಿಯೂ ಇಡೀ ಬೀದಿಯ ಉಣುಗುಗಳಿಗೆ ರೋಗದ ತೊಟ್ಟಿ. ಆ ತೊಟ್ಟಿಯನ್ನು ತುಂಬಿಟ್ಟವರು ನಾವು.

ಆದ್ದರಿಂದ ಕೇಳುತ್ತಿದ್ದೇನೆ. ಜ್ವರ ಬಂದ ನಾಯಿಗೆ ರಕ್ತಪರೀಕ್ಷೆ ಮಾಡಿಸದೆ ಅಂಗಡಿಯಿಂದ ಸ್ಟೆರಾಯ್ಡ್ ತಂದು ಕೊಡಬೇಡಿ. ಪಶುವೈದ್ಯರು ಕಾರಣ ತಿಳಿದು, ಅಳೆದು ಕೊಡುವುದು ಬೇರೆ; ನಾವು ಕುರುಡಾಗಿ ಕೊಟ್ಟರೆ ಅಳಿದುಳಿದ ಕಾವಲನ್ನೂ ಮಲಗಿಸಿದಂತಾಗುತ್ತದೆ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಬರೆಯುತ್ತಾರೆ. ಎರಡು ದಿನಕ್ಕೆ ನಾಯಿ ಎದ್ದು ಕೂರುತ್ತದೆ, ಐದನೇ ದಿನ ಮಾತ್ರೆ ಕಪಾಟು ಸೇರುತ್ತದೆ. ಇದು ನಿಲ್ಲಬೇಕು. ಒಮ್ಮೆ ಬಂದು ಹೋದರೆ ಮತ್ತೆ ಬಾರದು ಎಂಬುದೂ ಸುಳ್ಳು. ಈ ರೋಗ ಬಾಳಿಕೆಯ ರಕ್ಷಣೆ ಉಳಿಸಿ ಹೋಗುವುದಿಲ್ಲ, ನಮ್ಮಲ್ಲಿ ಇದಕ್ಕೆ ಲಸಿಕೆಯೂ ಇಲ್ಲ. ಎಮ್ಮೆಗೆ ಹಾಕುವ ಉಣುಗಿನ ಔಷಧವನ್ನು ಅಂದಾಜಿನಲ್ಲಿ ನಾಯಿಯ ಮೈಗೆ ಸುರಿಯಬೇಡಿ. ಸೀಮೆಎಣ್ಣೆಯನ್ನಂತೂ ಬೇಡವೇ ಬೇಡ. ಉಣುಗನ್ನು ಬೆರಳಲ್ಲಿ ಹಿಸುಕದೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ದಿನವೂ ನೋಡಿ. ಮರಿ ಮಾರುವವರೇ, ಉಣುಗು ಹತ್ತಿದ ಮರಿಯನ್ನು ರಿಬ್ಬನ್ ಕಟ್ಟಿ ಕೊಡುವುದು ವ್ಯಾಪಾರವಲ್ಲ, ಮೋಸ.

ಮಹಾನಗರ ಪಾಲಿಕೆಗೂ ಹೇಳುವುದಿದೆ. ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಜಂತುಹುಳಕ್ಕೆ ಔಷಧ ಕೊಟ್ಟು, ಲಸಿಕೆ ಹಾಕಿ, ರೇಬಿಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನುಳಿದು ಮಿಕ್ಕವನ್ನು ಹಿಡಿದಲ್ಲೇ ಬಿಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಹೇಗೂ ನಾಯಿ ಕೈಗೆ ಸಿಕ್ಕಿರುತ್ತದೆ, ವೈದ್ಯರು ಎದುರಿಗಿರುತ್ತಾರೆ. ಆ ಹೊತ್ತಿನಲ್ಲೇ ಉಣುಗಿನ ಮದ್ದನ್ನೂ ಹಾಕಿಸಿ. ನಾಯಿಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ ಉಣುಗು ಇಲ್ಲದಂತೆ ನೋಡಿಕೊಳ್ಳಿ. ಇಲ್ಲವಾದರೆ ಒಂದರ ರೋಗ ಹತ್ತಕ್ಕೆ ಹಂಚಿ ಬೀದಿಗೆ ಬಿಟ್ಟಂತೆ.

ಬಡಾವಣೆಯ ಗೆಳೆಯರೇ, ನಿಮ್ಮ ನಾಯಿಗೆ ಉಣುಗಿನ ಮಾತ್ರೆ ತರುವಾಗ ಮನೆ ಮುಂದಿನ ಕಂದು ನಾಯಿಯ ತೂಕವನ್ನೂ ಅಂದಾಜಿಸಿ ಪಶುವೈದ್ಯರನ್ನು ಕೇಳಿ, ಅದಕ್ಕೂ ಒಂದು ತನ್ನಿ. ಒಬ್ಬರಿಗೆ ಭಾರವಾದರೆ ಅಡ್ಡರಸ್ತೆಯವರೆಲ್ಲ ಸೇರಿ ಹಣ ಹಾಕಿ. ಗಣಪತಿಗೆ ಪಟ್ಟಿ ಎತ್ತುವವರಿಗೆ ಇದು ದೊಡ್ಡದಲ್ಲ. ಯುಗಾದಿಗೆ ಸುಣ್ಣಬಣ್ಣ ಮಾಡಿಸುವಾಗ ಗೋಡೆಯ ಬಿರುಕು, ನಾಯಿಗೂಡಿನ ಸಂದು ಮುಚ್ಚಿಸಿ. ಬಿಸಿಲು ಏರಿದ ಮೇಲೆ ಉಣುಗಿನ ಸಂಖ್ಯೆ ನಮ್ಮ ಕೈಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಈಗಲೇ ಶುರು ಮಾಡಿ.