ಕೊಳವಲ್ಲದ ಕೊಳ

‘ಈಜುಕೊಳ’ ಎಂಬ ಪದ ಕನ್ನಡದಲ್ಲಿ ಚೆನ್ನಾಗಿ ಬೇರೂರಿದೆ. ಆದರೆ ಅದು ಸೂಚಿಸುವ ವಸ್ತು ಕೊಳವಲ್ಲ. ಹಳೆಯ ಕೊಳ, ಕಲ್ಯಾಣಿಗಳಿಗೂ ನೆಲಕ್ಕೂ ನಿತ್ಯ ಸಂಬಂಧವುಂಟು. ಕಲ್ಲುಗಳ ಸಂದಿನಿಂದ ಒರತೆ ಒಳಬರುತ್ತದೆ. ಸುತ್ತಣ ನೆಲ ಒಣಗಿದಾಗ ಒಳಗಿನ ನೀರು ಹೊರಕ್ಕೆ ಇಂಗುತ್ತದೆ. ಈಜುಕೊಳವಾದರೋ ಹನಿಯೂ ಸೋರದಂತೆ ಕಾಂಕ್ರೀಟಿನಲ್ಲಿ ಕಟ್ಟಿ ನೆಲದಲ್ಲಿ ಹೂತ ತೊಟ್ಟಿ. ಹೊರಗಿನ ನೀರು ಏರಿದಾಗ ಅದರ ವರ್ತನೆ ದೋಣಿಯಂತೆ.

ಕೊಯಮತ್ತೂರಿನ ಸಿಂಗಾನಲ್ಲೂರಿನಂತಹ ಊರಿನಲ್ಲಿ ಈ ಭೇದವನ್ನು ಮರೆಯಲಾಗದು. ನೊಯ್ಯಲ್ ನದಿಯ ಜಾಲಕ್ಕೆ ಸೇರಿದ ದೊಡ್ಡ ಕೆರೆಯೊಂದು ಅಲ್ಲಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ ಸುರಿಯುತ್ತದೆ. ಕೆರೆ ತುಂಬಿದಾಗ ಅದರ ಆಸುಪಾಸಿನ ಅಂತರ್ಜಲವೂ ಮೇಲೇರುವುದು ಸಹಜ. ಬೇಸಗೆಯಲ್ಲಿ ಒಣಗಿರುವ ಗುಂಡಿಯನ್ನಷ್ಟೇ ಕಂಡು ಈಜುಕೊಳ ಕಟ್ಟುವವರು ವರ್ಷದ ಅರ್ಧ ಸತ್ಯವನ್ನು ಮಾತ್ರ ನೋಡಿರುತ್ತಾರೆ.

ಲೆಕ್ಕ ಸರಳವಾಗಿದೆ. 10 ಮೀಟರ್ ಉದ್ದ, 5 ಮೀಟರ್ ಅಗಲದ ಕೊಳದ ತಳಕ್ಕಿಂತ ಹೊರಗಿನ ಅಂತರ್ಜಲ 1 ಮೀಟರ್ ಮೇಲಿದ್ದರೆ, ಅದು ತಳವನ್ನು ಸುಮಾರು 50 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. 15 ಸೆಂಟಿಮೀಟರ್ ದಪ್ಪದ ತಳವೂ ಒಂದೂವರೆ ಮೀಟರ್ ಎತ್ತರದ ಗೋಡೆಗಳೂ ಸೇರಿ ತೂಗುವುದು ಸುಮಾರು 35 ಟನ್. ಕೊಳ ತುಂಬಿರುವವರೆಗೆ ಒಳಗಿನ ನೀರೇ ಅದನ್ನು ಅದುಮಿ ಹಿಡಿಯುತ್ತದೆ. ಶುಚಿಗೊಳಿಸಲೆಂದು ಬರಿದು ಮಾಡಿದ ದಿನ ತಳ ಬಿರಿಯಬಹುದು. ಇಡೀ ತೊಟ್ಟಿಯೇ ಮೇಲೇಳಬಹುದು.

ಕೊಳವನ್ನು ಎಂದೂ ಬರಿದು ಮಾಡದಿದ್ದರಾಯಿತು ಎಂಬುದು ಕೆಲವರ ವಾದ. ಆದರೆ ಬಿಲ್ಲೆಗಳು ಕಿತ್ತಾಗ, ಕೊಳವೆ ಸೋರಿದಾಗ ಬರಿದು ಮಾಡದೆ ವಿಧಿಯಿಲ್ಲ. ಕಾಂಕ್ರೀಟಿನ ದಪ್ಪ ಹೆಚ್ಚಿಸಿದರೆ ತೂಕ ಕೂಡುವುದು ನಿಜ, ಹೊರಗಿನ ನೀರು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೊಂದು ದಾರಿ ಬಿಡುವುದೇ ವಿವೇಕ. ತಳದಡಿ ಜಲ್ಲಿಯ ಹಾಸು, ಅದರೊಳಗೆ ರಂಧ್ರಗಳುಳ್ಳ ಕೊಳವೆ, ಮಣ್ಣು ಸೇರದಂತೆ ಸೋಸುಬಟ್ಟೆಯ ಹೊದಿಕೆ, ಆ ನೀರು ಬಂದು ಸೇರುವ ಬಾವಿಯಂತಹ ಗುಂಡಿ ಮತ್ತು ಪಂಪು ಬೇಕು. ತಳದಲ್ಲಿ ಒತ್ತಡ ತಗ್ಗಿಸುವ ಕವಾಟವಿದ್ದರೆ ಹೊರಗಿನ ನೀರು ಮಿತಿಮೀರಿದಾಗ ಒಳಕ್ಕೆ ಹರಿದು ಕೊಳವನ್ನು ಕಾಯುತ್ತದೆ. ಬರಿದು ಮಾಡುವ ಮುನ್ನ ಗುಂಡಿಯಲ್ಲಿನ ನೀರಿನ ಮಟ್ಟವನ್ನು ಅಳೆಯಬೇಕು.

ಹೀಗೆ ಬಸಿದ ನೀರು ಎಲ್ಲಿಗೆ ಹೋಗಬೇಕು ಎಂಬುದು ಕೊಳದ ಒಡೆಯನೊಬ್ಬನ ಪ್ರಶ್ನೆಯಲ್ಲ. ಅದನ್ನು ಒಳಚರಂಡಿಗೆ ಬಿಡುವುದು ನೆರೆಹೊರೆಯ ಬಾವಿಗಳ ಪಾಲನ್ನು ಕೊಚ್ಚೆಗೆ ಸುರಿದಂತೆ. ತೋಟಕ್ಕೋ, ಕೊಳದಿಂದ ದೂರದ ಇಳಿಜಾರಿನಲ್ಲಿ ತೋಡಿದ ಇಂಗುಬಾವಿಗೋ ಅದು ಸಲ್ಲಬೇಕು. ಕ್ಲೋರಿನ್ ಬೆರೆತ ಕೊಳದ ನೀರು ಮಾತ್ರ ಅದರೊಡನೆ ಕೂಡದಂತೆ, ಕೆರೆಯನ್ನೂ ಸೇರದಂತೆ ಬೇರೆಯಾಗಿಯೇ ಹೊರಹೋಗಬೇಕು. ತಮಿಳುನಾಡು 2003ರಲ್ಲಿ ಕಟ್ಟಡಗಳಿಗೆ ಮಳೆನೀರಿನ ಕೊಯ್ಲನ್ನು ಕಡ್ಡಾಯಗೊಳಿಸಿತು. ಚಾವಣಿಯ ಮೇಲೆ ಬಿದ್ದ ನೀರಿಗೆ ಲೆಕ್ಕ ಕೇಳುವ ನಾಡು ನೆಲದಡಿಯಿಂದ ಎತ್ತಿದ ನೀರಿಗೂ ಲೆಕ್ಕ ಕೇಳಬೇಕು. ಬಸಿನೀರಿನ ನಕ್ಷೆಯಿಲ್ಲದ ಈಜುಕೊಳಕ್ಕೆ ಅನುಮತಿ ಸಲ್ಲದು.

ಒರತೆ, ಸೆಲೆ, ತೂಬು, ಕೋಡಿ, ಬಸಿಗಾಲುವೆ ಎಂಬ ಮಾತುಗಳನ್ನು ಪಠ್ಯದಲ್ಲಿ ಓದುವ ವಿದ್ಯಾರ್ಥಿಗಳು ಒಂದನ್ನು ಗಮನಿಸಬಹುದು: ನೀರು ಬರುವ ಬಗೆಗೂ ಹೋಗುವ ಬಗೆಗೂ ಈ ನುಡಿ ಹೆಸರಿಟ್ಟಿದೆ. ಕೆರೆ ಕಟ್ಟಿದವರು ಕೋಡಿಯಿಲ್ಲದೆ ಏರಿ ಹಾಕಲಿಲ್ಲ.